ಕುಡಿ, ಮಾತಾಡಬೇಡ

ಒಂದು ಮನುಷ್ಯಪ್ರಾಣಿ ಎಷ್ಟು ನೀರು ಕುಡಿಯಬಹುದು? ನನ್ನ ಗಂಡನ ಪ್ರಕಾರ ಅದಕ್ಕೆ ಮಿತಿಯೇ ಇಲ್ಲ. ಎದ್ದರೆ ಲೋಟ, ಕೂತರೆ ಲೋಟ. "ಕುಡಿ, ಮಾತಾಡಬೇಡ" ಎಂದು ಎದುರಿಗೇ ನಿಂತುಬಿಡುತ್ತಿದ್ದರು.

ಇದಕ್ಕೆಲ್ಲ ಕಾರಣ ನನ್ನ ಮೂತ್ರ. ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಸಂಶೋಧನಾ ಕೇಂದ್ರದಲ್ಲಿ ನನ್ನ ಕೆಲಸ ಟ್ರಿಟಿಯಂ ಎಂಬ ವಿಕಿರಣ ಸೂಸುವ ಅನಿಲವನ್ನು ಕಾಯುವುದು. ಯಂತ್ರಕ್ಕೆ ಅದೇ ಇಂಧನ. ಉಣಿಸಿದ್ದರಲ್ಲಿ ಚೂರು ಮಾತ್ರ ಉರಿಯುತ್ತದೆ. ಉಳಿದದ್ದನ್ನು ಹಿಡಿದು, ಶುದ್ಧಮಾಡಿ, ಮತ್ತೆ ಯಂತ್ರಕ್ಕೇ ಕೊಡಬೇಕು. ಅದೆಲ್ಲ ನಡೆಯುವುದು ಗಾಜಿನ ಮುಖದ ಮುಚ್ಚಿದ ಪೆಟ್ಟಿಗೆಯೊಳಗೆ. ಪೆಟ್ಟಿಗೆಗೇ ಅಂಟಿಕೊಂಡ ರಬ್ಬರ್ ಗ್ಲೌಸಿನೊಳಗೆ ಕೈ ತೂರಿಸಿ ನಾವು ಹೊರಗಿನಿಂದ ಕೆಲಸ ಮಾಡುತ್ತೇವೆ. ಎಲ್ಲಾದರೂ ಸೋರಿದರೆ ಮೈ ಸೇರುತ್ತದೆ. ನೀರು ಕುಡಿದಷ್ಟೂ ಬೇಗ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಹಾಗಾಗಿ ಆಗಾಗ ಬಾಟಲಿಯಲ್ಲಿ ಮೂತ್ರ ಕೊಡಬೇಕು. ಅದನ್ನು ಪರೀಕ್ಷಿಸುವ ಸುರಕ್ಷತಾಧಿಕಾರಿಗೆ ಬೆನ್ನ ಹಿಂದೆ ನಾವಿಟ್ಟ ಹೆಸರು ಮೂತ್ರಮಂತ್ರಿ.

ಆ ಪೆಟ್ಟಿಗೆಯ ಪೈಪುಗಳನ್ನು ಜೋಡಿಸುವುದರಲ್ಲಿ ನನ್ನ ತಲೆಗೂದಲು ಬೆಳ್ಳಗಾಗಿತ್ತು. ಹಿಡಿದ ಇಂಧನ ಮೊದಲ ಸಲ ಯಂತ್ರಕ್ಕೆ ತಿರುಗಿ ಹೋಗುವ ದಿನ ಹತ್ತಿರ ಬಂತು. ವಾಲ್ವ್ ತೆರೆಯುವವಳು ನಾನೇ ಎಂದೂ ಆಯಿತು. ಸರಿಯಾಗಿ ಆಗಲೇ ನಮ್ಮ ಮೂತ್ರಮಂತ್ರಿಗಳು ಪ್ರತ್ಯಕ್ಷರಾದರು.

"ಅಪಾಯ ಏನಿಲ್ಲ. ಆದ್ರೆ ನಿಮ್ಮ ಮೂತ್ರದಲ್ಲಿ ಟ್ರಿಟಿಯಂ ಇರಬೇಕಾದ್ದಕ್ಕಿಂತ ಜಾಸ್ತಿ ಇದೆ. ಎಲ್ಲಿಂದ ಬಂತು ಅಂತ ಗೊತ್ತಾಗೋವರೆಗೂ ನೀವು ಒಳಗೆ ಬರೋ ಹಾಗಿಲ್ಲ."

ಸಹೋದ್ಯೋಗಿಗಳು ಒಂದೊಂದು ಜಾಯಿಂಟನ್ನೂ ಜಾಲಾಡಿದರು. ಸೋರಿಕೆ ಸಿಗಲಿಲ್ಲ. ಸಿಗದೆ ಹೋದದ್ದಕ್ಕೂ ನನ್ನ ಮೇಲೇ ಕೋಪ!

"ರಜೆ ಹಾಕಿ ಮನೇಲಿರಿ, ತಾನಾಗೇ ಇಳಿಯುತ್ತೆ," ಎಂದರು ಮುಖ್ಯಸ್ಥೆ. "ಇಳೀದಿದ್ರೆ ವಾಲ್ವಿಗೆ ಬೇರೆಯವರನ್ನ ನಿಲ್ಲಿಸ್ತೀನಿ."

ಮನೆಯಲ್ಲಿ ಇವರು. "ಆ ಕೆಲಸ ಬಿಟ್ಟುಬಿಡು ಕಣೇ, ಕೈ ಮುಗೀತೀನಿ."

"ರೀ, ನನ್ನ ತಲೆ ತಿನ್ನಬೇಡಿ."

"ತಲೆ ನೆಟ್ಟಗಿದ್ದಿದ್ರೆ ಅಲ್ಲಿಗೆ ಹೋಗ್ತಿದ್ಯಾ? ಕುಡಿ, ಮಾತಾಡಬೇಡ."

ಕುಡಿದೆ. ಕುಡಿದೂ ಕುಡಿದೂ ಅಡುಗೆಮನೆಗೂ ಬಚ್ಚಲಿಗೂ ಅಲೆದೆ. ಅವರ ಭಯ ಕಂಡರೆ ಕರುಳು ಚುರ್ ಎನ್ನುತ್ತಿತ್ತು, ಅವರ ಲೋಟ ಕಂಡರೆ ಮೈ ಉರಿಯುತ್ತಿತ್ತು. ರಜೆ ಮುಗಿಸಿ ಮತ್ತೆ ಬಾಟಲಿ ಕೊಟ್ಟೆ.

ಏರಿತ್ತು!

ಮಂತ್ರಿಗಳು ಕನ್ನಡಕವನ್ನು ಹಣೆಗೇರಿಸಿದರು. "ಇಲ್ಲಿಗೆ ಬರದೇ ಇದ್ರೂ ಏರಿದೆ ಅಂದ್ರೆ ಇದು ನಮ್ಮದಲ್ಲ, ನಿಮ್ಮ ಮನೇದು. ಮನೇಲಿ ಏನು ಸಾಕಿದೀರಿ?"

"ಗಂಡನ್ನ!" ಎಂದು ಸಿಟ್ಟಿನಿಂದ ಕೈ ಬೀಸಿದೆ. ಬೀಸಿದ ಕೈಯ ಮೇಲೇ ಕಣ್ಣು ಬಿತ್ತು.

ವಾಚು. ತೀರಿಹೋದ ಮಾವನದು, ಕತ್ತಲಲ್ಲಿ ಮುಳ್ಳುಗಳು ಹಸಿರಾಗಿ ಹೊಳೆಯುವಂಥದ್ದು. ಆ ಹೊಳಪಿನ ಬಣ್ಣದಲ್ಲಿರುವುದು ಟ್ರಿಟಿಯಂ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಉಕ್ಕಿನ ಕವಚದೊಳಗೆ ಅದು ತೆಪ್ಪಗಿತ್ತು. ಈ ಸಲದ ನನ್ನ ಹುಟ್ಟುಹಬ್ಬಕ್ಕೆ ಇವರು, ನನ್ನ ಕೈಗೆ ಭಾರವಾಗಬಾರದೆಂದು, ಪ್ಲಾಸ್ಟಿಕ್ ಕವಚ ಹಾಕಿಸಿ ಕೊಟ್ಟಿದ್ದರು. ಪ್ಲಾಸ್ಟಿಕ್ಕಿನಿಂದ ಅದು ಸದ್ದಿಲ್ಲದೆ ನುಸುಳುತ್ತದೆ. ಒಳಗೆ ಹೋಗುವ ಮುಂಚೆ ವಾಚು ಬಿಚ್ಚಿಡುವುದು ನಮ್ಮ ನಿಯಮ. ಬಿಚ್ಚಿಟ್ಟದ್ದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ನನಗೂ. ರಜೆಯಲ್ಲಿ ಮಾತ್ರ ಹಗಲೂ ರಾತ್ರಿಯೂ ಅದು ನನ್ನ ಕೈಯಲ್ಲೇ ಇತ್ತು.

ಗಾಳಿಯಲ್ಲಿನ ಟ್ರಿಟಿಯಂ ಅಳೆಯುವ ಯಂತ್ರಕ್ಕೆ ವಾಚು ಹಿಡಿದರೆ ಯಂತ್ರ ಕಿರುಚಿಕೊಂಡಿತು. ಮುಖ್ಯಸ್ಥೆ ಹಣೆ ಚಚ್ಚಿಕೊಂಡರು. "ನಾಳೆ ಬನ್ನಿ, ವಾಲ್ವ್ ನಿಮ್ಮದೇ. ದಯವಿಟ್ಟು ಬರಿಗೈಲಿ ಬನ್ನಿ."

ಮಂತ್ರಿಗಳು ವಾಚನ್ನು ಉಕ್ಕಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. ನನ್ನ ಕೈಗೊಂದು ಖಾಲಿ ಬಾಟಲಿ ಕೊಟ್ಟರು. "ಇದು ನಿಮ್ಮ ಯಜಮಾನರಿಗೆ. ಒಂದೇ ಕೋಣೇಲಿ ತಾನೇ ಮಲಗೋದು?"

ಮನೆಗೆ ಬಂದು ಎಲ್ಲ ಹೇಳಿದೆ. ಅವರು ಬಿಳಿಚಿಕೊಂಡರು.

"ನಾನೇ ಕಟ್ಟಿದ್ದಲ್ವಾ, ನನ್ನ ಕೈಯಾರೆ," ಎಂದರು.

ಬೈಯಲೆಂದು ದಾರಿಯುದ್ದಕ್ಕೂ ಮಾತು ಕೂಡಿಟ್ಟುಕೊಂಡು ಬಂದಿದ್ದೆ. ಬಾಟಲಿಯನ್ನು ಮೇಜಿನ ಮೇಲಿಟ್ಟು, ಲೋಟದ ತುಂಬ ನೀರು ತಂದುಕೊಟ್ಟೆ.

"ಕೆಲಸ ಬಿಡು ಅಂತ ಇನ್ನು ಹೇಳಲ್ಲ ಕಣೇ."

"ಹೇಳ್ತೀರಿ, ನಾಡಿದ್ದು."

ಎರಡು ಗುಟುಕಿಗೇ ಮುಖ ಸಿಂಡರಿಸಿದರು. "ಇಷ್ಟೊಂದು ನೀರು ಹೇಗೆ ಕುಡಿಯೋದು?"

ನಾನು ಎದುರಿಗೇ ನಿಂತೆ. "ಕುಡೀರಿ, ಮಾತಾಡಬೇಡಿ."