ಮೇಷ್ಟ್ರ ಎಡಗಾಲು

ಅಜ್ಜಿಯ ತಲೆ, ಎರಡು ಕೈ, ಒಂದು ಕಾಲು ಕಾರಿನಿಂದ ಹೊರಗೆ ಬಂದಿದ್ದವು. ಉಳಿದ ಅಜ್ಜಿ ಇನ್ನೂ ಒಳಗೇ ಇದ್ದಳು.

“ಹಂಗೆಲ್ಲ ಎಳೀಬೇಡ್ರೋ, ಎರಡು ತುಂಡಾಗ್ತೀನಿ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. “ಅರ್ಧ ಮನೆಗೆ, ಅರ್ಧ ಕಾರಿಗೆ ಅಂತ ಪಾಲು ಮಾಡ್ಕೊಳ್ತೀರೇನು ನನ್ನ?”

ಮೊಮ್ಮಗ ಹೊರಗೆ ನಿಂತು ಕೈ ಎಳೆಯುತ್ತಿದ್ದ. ಅವನ ಹೆಂಡತಿ ಒಳಗಿನಿಂದ ಹೆಗಲು ಕೊಟ್ಟು ನೂಕುತ್ತಿದ್ದಳು. ಅವಳ ತೊಡೆಯ ಮೇಲೆ ಒಂದು ಮಗು, ಆ ಮಗುವಿನ ತೊಡೆಯ ಮೇಲೆ ಇನ್ನೊಂದು ಮಗು. ಅಜ್ಜಿಯ ಸೊಸೆ, ಅಂದರೆ ಮೇಷ್ಟ್ರ ಹೆಂಡತಿ, ಆಚೆ ಬಾಗಿಲಿನಿಂದ ಹೇಗೋ ಇಳಿದು, ಜೋಮು ಹಿಡಿದ ಕಾಲನ್ನು ನೆಲಕ್ಕೆ ಕುಟ್ಟಿ ಎಬ್ಬಿಸುತ್ತಿದ್ದಳು. ಡಾಕ್ಟರಿಗೆ ತೋರಿಸಬೇಕಾಗಿದ್ದದ್ದು ಅಜ್ಜಿಯ ಕಣ್ಣೊಂದೇ ಆದರೂ ಮನೆಮಂದಿಯೆಲ್ಲ ಹೋಗಿದ್ದರು. ಆ ಮನೆಯವರೇ ಹಾಗೆ, ಒಬ್ಬರು ಸೀನಿದರೆ ಏಳು ಜನ ಮೂಗು ಒರೆಸಿಕೊಳ್ಳುತ್ತಾರೆ.

ಮೇಷ್ಟ್ರು ಮಾತ್ರ ಮುಂದಿನ ಎಡ ಸೀಟಿನಿಂದ ಕದಲಿರಲಿಲ್ಲ. ಕಾರು ನಿಂತು ಎಷ್ಟೋ ಹೊತ್ತಾಗಿತ್ತು, ಕೀ ಆಗಲೇ ಅವರ ಮಗನ, ಅಂದರೆ ಅಜ್ಜಿಯ ಮೊಮ್ಮಗನ, ಜೇಬು ಸೇರಿತ್ತು. ಆದರೂ ಅವರು ಬ್ರೇಕ್ ಒತ್ತಿಕೊಂಡೇ ಕೂತಿದ್ದರು.

“ನೀನೂ ಇಳಿಯೋ,” ಎಂದಳು ಅಜ್ಜಿ. ಮೇಷ್ಟ್ರು ಅವಳು ಹೆತ್ತ ಮಗ.

“ನೀನು ಮೊದಲು ಇಳಿ ಅಮ್ಮ. ಕಾರು ಜಾರಿಬಿಟ್ರೆ?”

“ಸಪಾಟು ನೆಲದಲ್ಲಿ ಎಲ್ಲಿಗೋ ಜಾರುತ್ತೆ? ಅದಕ್ಕೂ ನನ್ನಷ್ಟೇ ವಯಸ್ಸಾಗಿದೆ. ತಳ್ಳಿದ್ರೂ ಹೋಗಲ್ಲ.”

ಈ ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನಲ್ಲಿ ಸ್ಟೇರಿಂಗ್ ಹಿಡಿಯುವ ಅರ್ಧ ಜನಕ್ಕೆ ಅವರೇ ಗುರು. ಉಳಿದರ್ಧ ಜನ ಹೋಗಿ ಗೋಡೆಗೆ ಗುದ್ದುವುದು ತಮ್ಮ ಹತ್ತಿರ ಕಲಿಯದ್ದರಿಂದಲೇ ಎಂದು ಅವರ ವಾದ. ಕಲಿಯುವವರ ಪಕ್ಕದಲ್ಲಿ ಕೂತು ಕೂತು ಅವರಿಗೆ ಪ್ರಪಂಚವೆಲ್ಲ ಎಡಗಡೆ ಸೀಟಿನಿಂದಲೇ ಕಾಣುತ್ತಿತ್ತು. ಮನೆಯ ಕಾರು ಸ್ಕೂಲಿನಿಂದ ನಿವೃತ್ತಿಯಾಗಿ ಬಂದದ್ದೇ. ಅದರ ಎಡ ಸೀಟಿನ ಮುಂದೆಯೂ ಎರಡು ಪೆಡಲ್ ಇದ್ದವು: ಬಲಗಾಲಿಗೆ ಬ್ರೇಕು, ಎಡಗಾಲಿಗೆ ಕ್ಲಚ್ಚು. ಓಡಿಸುವವರು ಒತ್ತಿದರೂ ಒಂದೇ, ಮೇಷ್ಟ್ರು ಒತ್ತಿದರೂ ಒಂದೇ, ಕಾರು ಇಬ್ಬರ ಮಾತನ್ನೂ ಕೇಳುತ್ತಿತ್ತು. ಅವನ್ನು ಬಿಚ್ಚಿಸಿ ಎಂದು ಮಗ ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. ಮೇಷ್ಟ್ರು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಅವರ ಕಾಲು ಊಟದ ಮೇಜಿನ ಕೆಳಗೂ ಸುಮ್ಮನಿರುತ್ತಿರಲಿಲ್ಲ. ಮೊಮ್ಮಕ್ಕಳು ಎದುರಿಗೆ ಓಡಿ ಬಂದರೆ ಕುರ್ಚಿಯಲ್ಲಿ ಕೂತಲ್ಲೇ ಬ್ರೇಕ್ ಹಾಕುತ್ತಿದ್ದರು.

ಕೊನೆಗೆ ಅಜ್ಜಿ ಬಾಟಲಿಯ ಬಿರಡೆಯ ಹಾಗೆ ಪಕ್ಕನೆ ಹೊರಗೆ ಬಂದಳು. ಅವಳ ಒಂದು ಚಪ್ಪಲಿ ಕಾರಿನಲ್ಲೇ ಉಳಿಯಿತು.

“ಅಪ್ಪಾ, ಇನ್ನು ಸಾಕು,” ಎಂದ ಮಗ, ಬೆವರು ಒರೆಸಿಕೊಳ್ಳುತ್ತ. “ದೊಡ್ಡ ಕಾರು ತಗೊಳ್ಳೋಣ. ಏಳು ಸೀಟಿಂದು. ಕರೆಂಟಿನ ಕಾರು.”

ಅವತ್ತು ಸಂಜೆ ಮನೆಯ ಹಾಲ್‌ನಲ್ಲಿ ಕೋರ್ಟೇ ಕೂತಿತು. ಮಗನದು ಟೈಲ್ಸ್ ಅಂಗಡಿ. ಕೂಡಿಟ್ಟ ಹಣ ಅವನದೇ, ಆದರೆ ಅಪ್ಪ ಹೂಂ ಅನ್ನದೆ ಮನೆಗೆ ಒಂದು ಚಮಚವನ್ನೂ ತರುವವನಲ್ಲ. ಫೋನಿನಲ್ಲಿ ಕಾರಿನ ಚಿತ್ರ ತೋರಿಸಿದ.

“ಇದು ಕಾರೇನೋ? ಮನೆಗೆ ಚಕ್ರ ಹಾಕ್ದಂಗಿದೆ,” ಎಂದರು ಮೇಷ್ಟ್ರು. “ಮುಂದಿನ ಸೀಟಿನೋರು ಹಿಂದಿನ ಸೀಟಿನೋರಿಗೆ ಫೋನ್ ಮಾಡಿ ಮಾತಾಡ್ಬೇಕು.”

“ಮಾಡಿದ್ರಾಯ್ತು.”

“ಗೇಟಲ್ಲಿ ತೂರಲ್ಲ.”

“ಟೇಪ್ ಹಿಡಿದು ನೋಡಿದೀನಪ್ಪ. ತೂರುತ್ತೆ.”

“ಸದ್ದೇ ಬರಲ್ವಂತೆ. ಸದ್ದಿಲ್ಲದ ಗಾಡಿ ಗಾಡೀನಾ?”

“ನಿನ್ನ ಸದ್ದೊಂದು ಸಾಲ್ದೇನೋ?” ಎಂದಳು ಅಜ್ಜಿ.

“ದಾರಿ ಮಧ್ಯ ಚಾರ್ಜ್ ಖಾಲಿ ಆದ್ರೆ ಏನ್ಮಾಡ್ತೀರಿ?”

“ಈಗಿನ ಕಾರು ದಾರಿ ಮಧ್ಯ ನಿಂತಾಗೆಲ್ಲ ತಳ್ಳೋದು ನಾವೇ ಅಲ್ವಾ ಮಾವ?” ಎಂದಳು ಮಗನ ಹೆಂಡತಿ. ಮೊನ್ನೆ ತಾನೆ ತಳ್ಳಿ ಅವಳ ಅಂಗೈ ಇನ್ನೂ ಉರಿಯುತ್ತಿತ್ತು.

ಮೇಷ್ಟ್ರ ಹೆಂಡತಿ ಒಣಗಿದ ಬಟ್ಟೆಯ ರಾಶಿ ಮುಂದೆ ಹಾಕಿಕೊಂಡು ಮಡಚುತ್ತಿದ್ದಳು. ಈಗ ತಲೆ ಎತ್ತದೆಯೇ ಕೇಳಿದಳು:

“ಅದರಲ್ಲಿ ಕ್ಲಚ್ಚೇ ಇರಲ್ವಂತೆ, ಹೌದೇನೋ?”

“ಇರಲ್ಲಮ್ಮ. ಬದಲಾಯಿಸೋಕೆ ಗೇರೂ ಇಲ್ಲ.”

ಅವಳು ಟವೆಲನ್ನು ನಾಲ್ಕು ಮಡಿಕೆ ಮಾಡಿದಳು. ಮತ್ತೊಂದು ಮಡಿಕೆ ಮಾಡಿದಳು. ಟವೆಲು ಕರವಸ್ತ್ರದಷ್ಟಾದರೂ ಮಡಚುತ್ತಲೇ ಇದ್ದಳು. ಕುರ್ಚಿಯ ಕೆಳಗೆ ಮೇಷ್ಟ್ರ ಎಡಗಾಲು ಏನನ್ನೋ ಒತ್ತಿತು.

ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಅವಳಿಗೂ ಡ್ರೈವಿಂಗ್ ಕಲಿಸಿದ್ದರು. ಬಯಲಿನಲ್ಲಿ ಟೆಸ್ಟ್ ಕೊಟ್ಟು ಅವಳು ಲೈಸೆನ್ಸನ್ನೂ ತಗೊಂಡಳು. ಅದಾದ ವಾರಕ್ಕೆ, ಅದೇ ಸ್ಕೂಲ್ ಕಾರಿನಲ್ಲಿ ಮೇಷ್ಟ್ರನ್ನು ಪಕ್ಕಕ್ಕೆ ಕೂರಿಸಿಕೊಂಡು ಹೋಗುವಾಗ, ನೀರಿನ ಟ್ಯಾಂಕಿನ ಏರಿನಲ್ಲಿ ಒಂದು ಘಟನೆ ನಡೆಯಿತು. ಏರು ಹತ್ತುತ್ತಿದ್ದ ಕಾರು ಅರ್ಧಕ್ಕೆ ನಿಂತು, ಹಿಂದಕ್ಕೆ ಜಾರಿ, ಯಾರದೋ ಮನೆ ಮುಂದಿನ ಹೂವಿನ ಕುಂಡವನ್ನು ಒಡೆಯಿತು. ಇಷ್ಟೇ ಆಗಿದ್ದು. ಆದರೆ ಮೇಷ್ಟ್ರು ಹೊಸ ಬ್ಯಾಚ್ ಬಂದಾಗಲೆಲ್ಲ ಈ ಕಥೆಯಿಂದಲೇ ಪಾಠ ಶುರು ಮಾಡುತ್ತಿದ್ದರು. “ಏರಿನಲ್ಲಿ ಅವಸರಕ್ಕೆ ಕ್ಲಚ್ ಒತ್ತಿದ್ರೆ ಕಾರು ಹಿಂದಕ್ಕೆ ಓಡುತ್ತೆ. ನಮ್ಮನೆಯವಳು ಒತ್ತಿದ್ಲು ನೋಡಿ...” ಕಥೆಗೆ ವಯಸ್ಸಾದ ಹಾಗೆ ಕುಂಡ ಬೆಳೆಯಿತು. ಮೊದಲು ಅದು ಕುಂಡಗಳ ಸಾಲಾಯಿತು, ಆಮೇಲೆ ಕಾಂಪೌಂಡ್ ಗೋಡೆಯಾಯಿತು. ಈಚೆಗೆ ಬಂದ ಬ್ಯಾಚಿನವರು ಕೇಳಿದ್ದರಲ್ಲಿ ಇಡೀ ಮನೆ ಬಿದ್ದು ಒಳಗೆ ಸ್ನಾನ ಮಾಡುತ್ತಿದ್ದವನು ಬಕೆಟ್ ಸಮೇತ ಬೀದಿಗೆ ಓಡಿಬಂದಿದ್ದ. ನೆಂಟರ ಬಾಯಲ್ಲಿ ಅವಳ ಹೆಸರೇ ಕ್ಲಚ್ಚಮ್ಮ ಎಂದಾಗಿತ್ತು. ಕರೆದಾಗೆಲ್ಲ ಅವಳು ನಕ್ಕುಬಿಡುತ್ತಿದ್ದಳು. ಕೀ ಮಾತ್ರ ಮತ್ತೆ ಅವಳ ಕೈಗೆ ಬಂದಿರಲಿಲ್ಲ. ತರಕಾರಿಗೂ, ತಂಗಿಯ ಮನೆಗೂ, ಆಸ್ಪತ್ರೆಗೂ ಅವಳು ಬಸ್ಸಿಗೆ ಕಾಯುತ್ತಿದ್ದಳು. ಅವಳ ಕಣ್ಣೆದುರೇ ಮೇಷ್ಟ್ರು ಊರಿನ ಹೆಂಗಸರಿಗೆಲ್ಲ ಕಾರು ಕಲಿಸುತ್ತಿದ್ದರು.

ಈಗ ಕ್ಲಚ್ ಇಲ್ಲದ ಕಾರು ಮನೆಗೆ ಬಂದರೆ ಇವಳು ಕೀ ಕೇಳುತ್ತಾಳೆ. ಕೊಡುವುದಿಲ್ಲ ಅನ್ನಲು ತಮ್ಮ ಹತ್ತಿರ ಒಂದು ಕಾರಣವೂ ಉಳಿಯುವುದಿಲ್ಲ. ಮೇಷ್ಟ್ರು ಅವತ್ತು ಅರ್ಧ ಊಟಕ್ಕೇ ಎದ್ದರು.

“ನೋಡ್ಕೊಂಡ್ ಬರೋಣ,” ಎಂದರು ಮಾರನೆಯ ದಿನ, ಏನೋ ದೊಡ್ಡ ಮನಸ್ಸು ಮಾಡಿದವರ ಹಾಗೆ. ಕಾರಿನಲ್ಲಿ ನೂರು ಹುಳುಕು ಹುಡುಕಿ ಆ ಮಾತಿಗೆ ಅಲ್ಲೇ ಬಾಗಿಲು ಹಾಕಿಬಿಡುವುದು ಅವರ ಲೆಕ್ಕಾಚಾರವಾಗಿತ್ತು.

ಮಗನ ಹೆಂಡತಿಗೆ ಕೆಲಸ, ಮಕ್ಕಳಿಗೆ ಸ್ಕೂಲು. ಉಳಿದ ನಾಲ್ವರು ಶೋರೂಮಿಗೆ ಹೋದರು. ಒಳಗೆ ಫ್ರಿಜ್‌ನಲ್ಲಿ ಕೂತ ಹಾಗಿತ್ತು. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಅಜ್ಜಿ ಅದರಲ್ಲೇ ನೋಡಿಕೊಂಡು ತಲೆಗೂದಲು ಸರಿಮಾಡಿಕೊಂಡಳು. ಕಾರು ಹೊರಗೆ ನಿಂತಿತ್ತು, ಆನೆಗೆ ಸ್ನಾನ ಮಾಡಿಸಿ ನಿಲ್ಲಿಸಿದ ಹಾಗೆ. ಟೆಸ್ಟ್ ಡ್ರೈವ್ ಮಾಡಿಸುವ ಹುಡುಗಿ ಬಾಗಿಲು ತೆಗೆದಳು. ಅಜ್ಜಿ ಮೆಟ್ಟಿಲ ಮೇಲೆ ಕಾಲಿಟ್ಟು, ಬಾಗದೆ, ಬಳುಕದೆ, ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಿ ಕೂತಳು. ಕೂತು ಕಾಲು ಚಾಚಿದಳು. ಚಾಚಿದ ಕಾಲಿಗೆ ಏನೂ ತಗುಲಲಿಲ್ಲ.

“ಲೋ,” ಎಂದಳು ಮೇಷ್ಟ್ರಿಗೆ, “ನಾನು ಇನ್ಮೇಲೆ ಮನೆಗೆ ಬರಲ್ಲ. ನನ್ನ ಬಟ್ಟೆ ಇಲ್ಲಿಗೇ ತಂದ್ಕೊಡ್ರಿ.”

ಮೊದಲ ಸುತ್ತು ಮಗ ಓಡಿಸಿದ. ಮೇಷ್ಟ್ರು ಅಭ್ಯಾಸದಂತೆ ಎಡ ಸೀಟಿನಲ್ಲಿ ಕೂತರು. ಮುಂದೆ ಒಂದು ನಾಯಿ ಅಡ್ಡ ಬಂತು. ಬಲಗಾಲು ಬ್ರೇಕಿಗೆ ಹೋಯಿತು. ಅಲ್ಲಿ ಬರೀ ನೆಲವಿತ್ತು. ಕಾರು ಮಾತ್ರ ತಾನಾಗಿ ನಿಧಾನವಾಯಿತು, ನಾಯಿ ಅವರ ಕಡೆ ತಿರುಗಿಯೂ ನೋಡದೆ ದಾಟಿತು. ಎದುರು ಕಂಡದ್ದಕ್ಕೆಲ್ಲ ಮೇಷ್ಟ್ರು ನೆಲ ಒತ್ತಿದರು. ಮ್ಯಾಟಿನ ಮೇಲೆ ಹಾಸಿದ್ದ ಹೊಸ ಪ್ಲಾಸ್ಟಿಕ್ ಹಾಳೆ ಪರಪರ ಅನ್ನುತ್ತಿತ್ತು. ಶೋರೂಮಿಗೆ ವಾಪಸು ಬರುವಷ್ಟರಲ್ಲಿ ಊರಿನಿಂದ ಊರಿಗೆ ನಡೆದವರ ಹಾಗೆ ಅವರು ಮೊಣಕಾಲು ನೀವಿಕೊಳ್ಳುತ್ತಿದ್ದರು.

“ಇನ್ಯಾರು ಓಡಿಸ್ತೀರಾ?” ಎಂದು ಹುಡುಗಿ ಕೇಳಿದಳು.

“ನಾನು ಓಡಿಸ್ಲಾ?” ಎಂದಳು ಮೇಷ್ಟ್ರ ಹೆಂಡತಿ, ಹಿಂದಿನ ಸೀಟಿನಿಂದ.

ಮೇಷ್ಟ್ರು ಮೊದಲು ಬೆಚ್ಚಿದರು, ಆಮೇಲೆ ನಕ್ಕರು. “ಅದಕ್ಕೆ ಲೈಸೆನ್ಸ್ ಬೇಕು ಕಣೇ. ನಿಂದು ಯಾವ ಕಾಲದ್ದು? ಅದರ ಕಥೆ ಮುಗಿದಿರುತ್ತೆ.”

ಅವಳು ಪರ್ಸಿನ ಜಿಪ್ ಎಳೆದು, ಅದರೊಳಗಿನ ಇನ್ನೊಂದು ಜಿಪ್ ಎಳೆದು, ಕಾರ್ಡ್ ತೆಗೆದು ಹುಡುಗಿಯ ಕೈಗೆ ಕೊಟ್ಟಳು.

“ಹೋದ ತಿಂಗಳು ರಿನ್ಯೂ ಆಯ್ತು. ನಿಮ್ಮ ಸ್ಕೂಲಿಂದಲೇ. ಅರ್ಜಿಗಳ ಕಟ್ಟಿನಲ್ಲಿ ನಂದೂ ಇಟ್ಟಿದ್ದೆ, ನೀವೇ ಸೀಲ್ ಒತ್ತಿದ್ರಿ.”

“ನಾನಾ?”

“ಹೂಂ. ಟೀ ಕುಡೀತಾ.”

ಅಜ್ಜಿ ಕೆಮ್ಮುವವಳ ಹಾಗೆ ಸೆರಗು ಬಾಯಿಗಿಟ್ಟುಕೊಂಡಳು.

ಮೊದಲು ಶೋರೂಮಿನ ಹಿಂದಿನ ಖಾಲಿ ಬಯಲಿಗೆ ಹೋದರು. ಮೇಷ್ಟ್ರ ಹೆಂಡತಿ ಸ್ಟೇರಿಂಗ್ ಹಿಂದೆ ಕೂತು ಸೀಟು ಮುಂದೆ ಎಳೆದುಕೊಂಡಳು, ಕನ್ನಡಿ ಸರಿಮಾಡಿದಳು, ಅಂಗೈ ಸೀರೆಗೆ ಒರೆಸಿಕೊಂಡಳು. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

“ಮೊದಲು ಕ್ಲಚ್ ಒತ್ತು.”

“ಎಲ್ಲಿದೆ?”

“ಸರಿ, ಫಸ್ಟ್ ಗೇರ್ ಹಾಕು.”

“ಎಲ್ಲಿದೇರೀ?”

ಮೇಷ್ಟ್ರು ಕಾರಿನ ಒಳಗೆಲ್ಲ ಕಣ್ಣಾಡಿಸಿದರು. ಜೀವಮಾನವಿಡೀ ಕಲಿಸಿದ್ದರಲ್ಲಿ ಇನ್ನು ಹೇಳುವುದಕ್ಕೆ ಒಂದೇ ಮಾತು ಉಳಿದಿತ್ತು.

“ಹೋಗು,” ಎಂದರು.

ಅವಳು ಹೋದಳು. ಮೊದಲ ಸುತ್ತು ಇರುವೆ ನಾಚಿಕೊಳ್ಳುವಷ್ಟು ನಿಧಾನ, ಎರಡನೆಯದು ಸೈಕಲ್ಲಿನಷ್ಟು. ಆಮೇಲೆ ಸುತ್ತು ಎಣಿಸುವುದನ್ನು ಎಲ್ಲರೂ ಬಿಟ್ಟರು. “ಮೇಡಂ, ನಿಮ್ಮ ಕೈ ಚೆನ್ನಾಗಿದೆ, ರೋಡಿಗೆ ಹೋಗೋಣ,” ಎಂದಳು ಹುಡುಗಿ. “ನಮ್ಮ ರೂಟಲ್ಲಿ ಒಂದೇ ಒಂದು ಏರಿದೆ. ನೀರಿನ ಟ್ಯಾಂಕ್ ಹತ್ರ.”

ಮೇಷ್ಟ್ರು ಸೀಟ್ ಬೆಲ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

ಏರಿನ ನಡುಮಧ್ಯಕ್ಕೆ ಬಂದಾಗ, ಬೇಕೆಂದೇ ಬಂದ ಹಾಗೆ, ಮುಂದೆ ಹೋಗುತ್ತಿದ್ದ ಟೆಂಪೋ ಗಕ್ಕನೆ ನಿಂತಿತು. ಅವಳೂ ನಿಲ್ಲಿಸಿದಳು. ಅದೇ ಕ್ಷಣ ಎಡಗಡೆಯಿಂದ ಧಡ್ ಎಂದು ಸದ್ದಾಯಿತು. ಮೇಷ್ಟ್ರ ಎರಡು ಕಾಲೂ ಒಟ್ಟಿಗೆ ನೆಲಕ್ಕೆ ಬಿದ್ದಿದ್ದವು. ಕಾರು ಒಂದು ಕೂದಲೆಳೆಯಷ್ಟೂ ಹಿಂದಕ್ಕೆ ಸರಿಯಲಿಲ್ಲ.

ಹಿಂದಿನಿಂದ ಹುಡುಗಿ ಇಣುಕಿ ನೋಡಿ ನಕ್ಕಳು. “ಸರ್, ಬಲಗಾಲು ಬ್ರೇಕಿಗೆ, ಗೊತ್ತಾಯ್ತು. ಎಡಗಾಲಲ್ಲಿ ಏನನ್ನ ಒತ್ತಿದ್ರಿ?”

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಅವರ ಹೆಂಡತಿ ಬಗ್ಗಿ ನೋಡಿದಳು. ಬಲಗಾಲಿನ ಬೂಟಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಸ್ವಲ್ಪ ಸುಕ್ಕಾಗಿತ್ತು. ಎಡಗಾಲಿನ ಕೆಳಗೆ ಹರಿದೇಹೋಗಿತ್ತು. ಅವಳು ಆ ಕಾಲನ್ನು ನೋಡಿದಳು, ರಸ್ತೆಯನ್ನು ನೋಡಿದಳು, ಮತ್ತೆ ಕಾಲನ್ನು ನೋಡಿದಳು. ಟೆಂಪೋ ಹೊರಟಿತ್ತು. ಹಿಂದಿನವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದರು. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

ಆಮೇಲೆ ಮೆತ್ತಗೆ ಏರು ಹತ್ತಿಸಿ, ಟ್ಯಾಂಕಿನ ನೆರಳಿನಲ್ಲಿ ಬದಿಗೆ ನಿಲ್ಲಿಸಿದಳು.

“ನಾನು ಕಲಿತ ಕಾರಲ್ಲೂ ನಿಮ್ಮ ಕಡೆ ಕ್ಲಚ್ ಇತ್ತಲ್ವೇನ್ರೀ?”

ಮೇಷ್ಟ್ರು ಟ್ಯಾಂಕನ್ನು ನೋಡಿದರು. ಅದಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರು. “ಇತ್ತು,” ಎಂದರು.

“ಏನಂತೆ? ಯಾಕೆ ನಿಂತ್ವಿ?” ಎಂದು ಅಜ್ಜಿ ಕೂಗಿದಳು.

“ಏನಿಲ್ಲ ಅತ್ತೆ. ಒಂದು ಹೂವಿನ ಕುಂಡದ ವಿಷಯ.” ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ನಗು ಇತ್ತೋ ಏನೋ, ಮೇಷ್ಟ್ರಿಗೆ ಮುಖ ತಿರುಗಿಸಿ ನೋಡುವ ಧೈರ್ಯ ಬರಲಿಲ್ಲ. “ರೀ, ನೀವು ಹಿಂದೆ ಹೋಗಿ ಕೂತ್ಕೊಳ್ಳಿ.”

ಮೇಷ್ಟ್ರು ಇಳಿದರು. ಮಗ ಮುಂದಕ್ಕೆ ಬಂದ. ಅಜ್ಜಿಯ ಪಕ್ಕ ಕೂತಾಗ ಮೇಷ್ಟ್ರಿಗೆ ದಾರಿಯೆಲ್ಲ ಹೊಸದಾಗಿ ಕಂಡಿತು. ರಸ್ತೆಗೆ ಬಲಗಡೆಯೂ ಮನೆಗಳಿದ್ದವು. ಹೆಂಡತಿಯ ಕುತ್ತಿಗೆಯ ಹಿಂದೆ ಒಂದು ಮಚ್ಚೆ ಇತ್ತು, ಅದನ್ನು ನೋಡಿ ಎಷ್ಟು ಕಾಲವಾಗಿತ್ತೋ.

“ಸುಮ್ನೆ ಕೂತಿದೀಯಲ್ಲ, ಇದನ್ನಾದ್ರೂ ಹಿಡ್ಕೋ,” ಎಂದು ಅಜ್ಜಿ ತನ್ನ ಚೀಲವನ್ನು ಅವರ ಕಾಲ ಬಳಿ ಇಟ್ಟಳು. “ಫ್ಲಾಸ್ಕಿನ ಮುಚ್ಚಳ ಲೂಸು, ಬಿಸಿನೀರಿದೆ. ಬಿದ್ರೆ ನಿಂಗೆ ಇದೆ.”

ಮೇಷ್ಟ್ರು ಎರಡು ಪಾದಗಳ ನಡುವೆ ಚೀಲವನ್ನು ಅವುಚಿಕೊಂಡರು. ಕಾರು ತಿರುಗಿ ಇಳಿಜಾರು ಇಳಿಯಿತು. ಕೆಳಗೆ ಬಂದಾಗ ಹುಡುಗಿ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, “ಹೇಗನ್ನಿಸ್ತು ಸರ್? ಬುಕ್ ಮಾಡೋಣ್ವಾ?” ಎಂದಳು. ಮಗ ಹಿಂದಕ್ಕೆ ತಿರುಗಿದ. ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. ಕನ್ನಡಿಯೊಳಗಿನಿಂದ ಎರಡು ಕಣ್ಣು ಮೇಷ್ಟ್ರನ್ನೇ ನೋಡುತ್ತಿದ್ದವು.

ಹುಡುಕಿಟ್ಟುಕೊಂಡಿದ್ದ ನೂರು ಹುಳುಕಿನಲ್ಲಿ ಒಂದೂ ಅವರ ಬಾಯಿಗೆ ಬರಲಿಲ್ಲ.

“ಓಡಿಸೋರನ್ನ ಕೇಳಮ್ಮ,” ಎಂದರು.

ಶೋರೂಮು ಎಡಕ್ಕಿತ್ತು. ಓಡಿಸುವವಳು ಬಲಗಡೆಯ ಇಂಡಿಕೇಟರ್ ಹಾಕಿದಳು. ಕಾರು ಸದ್ದಿಲ್ಲದೆ ದೊಡ್ಡ ಸುತ್ತು ತಿರುಗಿ ಮತ್ತೆ ಟ್ಯಾಂಕಿನ ಕಡೆಗೆ ಮುಖ ಮಾಡಿತು. ಏರು ಶುರುವಾಯಿತು. ಮೇಷ್ಟ್ರ ಎಡಗಾಲು ಮೇಲೆದ್ದಿತು. ಚೀಲ ವಾಲಿತು, ಒಳಗೆ ಬಿಸಿನೀರು ಗುಳುಕ್ ಎಂದಿತು. ಅವರು ಕಾಲನ್ನು ಮೆಲ್ಲಗೆ ಇಳಿಸಿ, ಚೀಲವನ್ನು ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡರು.