ಗೇರಿನ ಹೊಸ ನಾಬ್

ಠಾಣೆಯ ವರ್ತಕ ನಗರದ ಸರ್ವೋತ್ತಮನಿಗೆ ಮೆಕ್ಯಾನಿಕ್ ಎಂದರಾಗದು. ತನ್ನ ಹೋಟೆಲಿನ ಗ್ರೈಂಡರ್ ಕೆಟ್ಟರೂ ಅವನೇ ಬಿಚ್ಚಬೇಕು, ಮನೆಯ ಮಿಕ್ಸಿ ಕೆಟ್ಟರೂ ಅವನೇ. ಹದಿನಾರು ವರ್ಷದ ಕಾರಿನ ಗೇರ್ ನಾಬ್ ಬಿರುಕು ಬಿಟ್ಟು ಅಂಗೈಗೆ ಚುಚ್ಚತೊಡಗಿದಾಗ ಸುಮ್ಮನಿದ್ದಾನೆಯೇ? ಫಳಫಳ ಹೊಳೆಯುವ ಹೊಸದೊಂದನ್ನು ಕೊಂಡು ತಂದ. ರಿವರ್ಸ್ ಯಾವ ಕಡೆಗಿರಬೇಕೆಂದು ಅಂಗಡಿಯವನು ಕೇಳಿದ್ದಕ್ಕೆ, ಎಲ್ಲ ಗಾಡಿಗೂ ಒಂದೇ ಅಲ್ಲವೇನಯ್ಯ ಎಂದು ಅವನನ್ನೇ ಗದರಿದ್ದ ಈ ಪುಣ್ಯಾತ್ಮ.

ಭಾನುವಾರ ಬೆಳಿಗ್ಗೆ ಮಗಳ ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಹಳೆಯ ನಾಬನ್ನು ಎಳೆದ. ಅದು ಕಿತ್ತು ಬಂದ ರಭಸಕ್ಕೆ ಗದ್ದಕ್ಕೇ ಒಂದು ಗುದ್ದು ಬಿತ್ತು. ಹೊಸದನ್ನು ಕೂರಿಸಿ, ಸ್ಕ್ರೂ ಬಿಗಿದು, ಕಾರನ್ನು ತಾನೇ ಗೇಟಿನ ಹೊರಗೆ ತಂದು ಮಗಳು ಮಾನಸಿಯ ಕೈಗೆ ಕೀ ಕೊಟ್ಟ. ತಾಯಿ ಜಯಲತಾಳನ್ನು ಕೂರಿಸಿಕೊಂಡು ಅವಳು ಸಾನಪಾಡಾದ ಚಿಕ್ಕಮ್ಮನ ಮನೆಯ ಸೀಮಂತಕ್ಕೆ ಹೊರಟಳು. ಲೈಸೆನ್ಸ್ ಬಂದು ಎರಡು ತಿಂಗಳು. ಅಪ್ಪ ಪಕ್ಕದಲ್ಲಿಲ್ಲದೆ ಇದೇ ಮೊದಲು.

ಹಳೆಯ ನಾಬನ್ನು ಕಸದ ಡಬ್ಬಿಗೆ ಹಾಕಲು ಅವನಿಗೆ ಮನಸ್ಸಾಗಲಿಲ್ಲ. ಪ್ರತಿ ಆಯುಧ ಪೂಜೆಗೂ ಜಯಲತಾ ಗಂಧ, ಕುಂಕುಮ ಹಚ್ಚಿದ್ದು, ಪೂಜೆಯಾದ ವಸ್ತು. ತೊಳೆದು ತುಳಸಿ ಕುಂಡದಲ್ಲಿ ಇಡೋಣವೆಂದು ಬ್ರಷ್ಷಿನಿಂದ ಉಜ್ಜಿದ. ಗಟ್ಟಿಗಟ್ಟಿದ ಕುಂಕುಮ ಕರಗಿದಂತೆ ಕೆಳಗಿನ ಗೇರು ನಕ್ಷೆಯ ಗೆರೆಗಳು ಎದ್ದು ಬಂದವು. ರಿವರ್ಸ್ ಎಡಗಡೆ ಮೇಲೆ, ಒಂದನೇ ಗೇರಿನ ಪಕ್ಕದಲ್ಲಿ. ಹೊಸದರ ಡಬ್ಬಿ ನೋಡಿದ. ಅದರಲ್ಲಿ ಬಲಗಡೆ ಕೆಳಗೆ.

ಅವನ ಕೈ ತಾನಾಗಿ ಗೇರು ಹಾಕುತ್ತಿದ್ದರೆ ಗೆರೆಗಳನ್ನು ನೋಡುವವರು ಯಾರು? ಆದರೆ ಮಾನಸಿ ನೋಡುತ್ತಾಳೆ. ಅವಳು ಕಲಿತ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೂ ರಿವರ್ಸ್ ಬಲಗಡೆಗೇ. ಈ ಕಾರಿನಲ್ಲಿ ಮಾತ್ರ ಅವಳ ಕೈ ಸರಿಸಿ ಪ್ರತಿಸಲ ರಿವರ್ಸ್ ಹಾಕಿದವನು ಇವನೇ, ದೊಡ್ಡ ಮನುಷ್ಯ! ಈಗ ಅವಳು ಬಲಕ್ಕೆ ಎಳೆದರೆ ಬೀಳುವುದು ನಾಲ್ಕನೇ ಗೇರು, ಆಕ್ಸಿಲರೇಟರ್ ಒತ್ತಿದರೆ ಗಾಡಿ ಹಾರುವುದು ಮುಂದಕ್ಕೆ. ಸಾನಪಾಡಾದ ಚಿಕ್ಕಮ್ಮನ ಹೌಸಿಂಗ್ ಸೊಸೈಟಿಯಲ್ಲಿ ಎಲ್ಲರೂ ಹಿಂದೆ ಸರಿದೇ ಪಾರ್ಕ್ ಮಾಡಬೇಕು. ಎದುರಿಗೆ ಭಾನುವಾರ ಮಕ್ಕಳ ಕ್ರಿಕೆಟ್.

ಮಾನಸಿಗೆ ಫೋನ್ ಮಾಡಿದ. ಎತ್ತಲಿಲ್ಲ. ಓಡಿಸುವಾಗ ಫೋನ್ ಎತ್ತಿದರೆ ಕೀ ಕಸಿದುಕೊಳ್ಳುತ್ತೇನೆ ಎಂದು ಹೆದರಿಸಿದವನೂ ಅವನೇ. ಜಯಲತಾಳಿಗೆ ಮಾಡಿದ. ಫ್ರಿಜ್ಜಿನ ಮೇಲೆ ಅವಳ ಫೋನ್ ಬಡಿದುಕೊಂಡಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲಾ ಎಂದುಕೊಂಡು, ಹೋಟೆಲಿನ ಗಲ್ಲಾ ಮರೆತು, ರಿಕ್ಷಾ ಹಿಡಿದು ಸ್ಟೇಷನ್ನಿಗೆ ಓಡಿದ.

ಲೋಕಲ್‌ನಲ್ಲಿ ಸೀಟಿದ್ದರೂ ಕೂರಲಿಲ್ಲ. ಐರೋಲಿ ಬಂತು, ಘನ್ಸೋಲಿ ಬಂತು, ಮಗಳು ಫೋನ್ ಎತ್ತಲಿಲ್ಲ. ಕಣ್ಣು ಮುಚ್ಚಿದರೆ ಬ್ಯಾಟು ಹಿಡಿದ ಮಕ್ಕಳೇ ಕಾಣುತ್ತಿದ್ದರು. ಉಡುಪಿ ಕೃಷ್ಣನಿಗೆ ಹರಕೆ ಹೇಳಿಕೊಂಡ, ಜೊತೆಗೆ ಊರಿನ ಭೂತಕ್ಕೂ ಒಂದು.

ಸೊಸೈಟಿಯ ಗೇಟಿನೊಳಗೆ ಓಡಿದ. ಮಕ್ಕಳು ಔಟೋ ಅಲ್ಲವೋ ಎಂದು ಜಗಳವಾಡುತ್ತಿದ್ದರು. ಅವರ ಪಕ್ಕದಲ್ಲಿ ಕಾರು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಿತ್ತು. ಮಾನಸಿ ಹಿಂದಿನ ಸೀಟಿನಿಂದ ಹೂವಿನ ಬುಟ್ಟಿ ಇಳಿಸುತ್ತಿದ್ದಳು. ಸರ್ವೋತ್ತಮ ಅವಳ ತೋಳು ಹಿಡಿದು, ರಿವರ್ಸ್ ಹೇಗೆ ಹಾಕಿದೆ ಎಂದು ಕೇಳಿದ.

"ಮೈನೇ ನಹೀ ಪಪ್ಪಾ, ಮಮ್ಮಿ ನೇ ಡಾಲಾ."

ಬಲಕ್ಕೆ ಎಳೆಯಲು ಹೊರಟ ಮಗಳ ಕೈಯನ್ನು ಜಯಲತಾ ತಡೆದು, ಕ್ಲಚ್ ಒತ್ತಲು ಹೇಳಿ, ತಾನೇ ಎಡಕ್ಕೆ ತಳ್ಳಿ ಮೇಲೆ ಹಾಕಿದ್ದಳಂತೆ. ಸ್ಟಿಯರಿಂಗ್ ಮುಟ್ಟದ ಹೆಂಗಸು! ಎಂಟು ವರ್ಷದ ಹಿಂದೆ ಅವಳು ಕಾರು ಕಲಿಯುತ್ತೇನೆ ಎಂದಾಗ, ನಿನ್ನ ತಲೆಗೆ ಹೋಗುವಂಥದ್ದಲ್ಲ ಅದು ಎಂದು ಇವನು ನಕ್ಕಿದ್ದ.

"ನಿನಗೆ ಹೇಗೆ ಗೊತ್ತಾಯ್ತು?" ಎಂದು ಕಾರಿನ ಆಚೆ ನಿಂತಿದ್ದ ಹೆಂಡತಿಯನ್ನು ಕೇಳಿದ.

ಜಯಲತಾ ಸೆರಗು ಸರಿಮಾಡಿಕೊಂಡಳು. "ಹದಿನಾರು ವರ್ಷ ಪಕ್ಕದಲ್ಲಿ ಕೂತು ನಾನೆಂತ ಕಣ್ಣು ಮುಚ್ಚಿಕೊಂಡಿದ್ದೆನಾ?"

ಸರ್ವೋತ್ತಮನಿಗೆ ನಾಚಿಕೆಯಾಯಿತು. ಸಂಜೆ ಹೊರಡುವಾಗ ಮಗಳು ಸ್ಟಿಯರಿಂಗ್ ಹಿಡಿದಳು. ಅವನು ಮುಂದಿನ ಬಾಗಿಲನ್ನು ಹೆಂಡತಿಗೆ ತೆರೆದುಕೊಟ್ಟು, ತಾನು ಹಿಂದೆ ಕೂತ.