ಮೊದಲ ಗುಟುಕಿನ ಮುಖ

ಮುಚ್ಚಿದರು, ಕಣ್ಣು ಮುಚ್ಚಿದರು, ಸದ್ಯ — ಕಾಫಿಯಣ್ಣ ಒರೆಸಿದ ಕಟ್ಟೆಯನ್ನೇ ಮತ್ತೊಮ್ಮೆ ಒರೆಸಿದ, ಕಿಟಕಿ ಪಕ್ಕದ ಮೇಜಿನಲ್ಲಿ ಟೀಚರಮ್ಮ ಮೊದಲ ಗುಟುಕು ನುಂಗಿ ಎರಡೂ ಕಣ್ಣು ಮೆಲ್ಲಗೆ ಮುಚ್ಚಿ ಹುಬ್ಬು ಒಂದಿಷ್ಟು ಏರಿಸಿದ್ದಾರೆ, ಅಂದರೆ ಅವರ ಬಟ್ಟಲಿಗೆ ಹಾಕಿದ ಒಂದನೇ ಪೊಟ್ಟಣದ ಪುಡಿಯೇ ಸೈ, ಇನ್ನು ಎರಡನೆಯದು ದರ್ಜಿಯ ಮುಂದಿದೆ, ಅವನನ್ನು ಕೇಳಿ ಏನು ಬಂತು, ಹೇಗಿದೆಯಪ್ಪಾ ಅಂದರೆ ಪರವಾಗಿಲ್ಲ ಅನ್ನುತ್ತಾನೆ, ಮಗಳ ಮದುವೆ ಹೇಗಾಯ್ತು ಅಂದಾಗಲೂ ಪರವಾಗಿಲ್ಲ ಅಂದ ಮಹಾನುಭಾವ, ಮೂರನೆಯದನ್ನು ಕುಡಿದ ಅಂಚೆ ಗುಮಾಸ್ತ ಮುಖ ಹಿಂಡಿದ, ಆದರೆ ಆಸಾಮಿ ಬೆಳಗಿನಿಂದ ಕೆನ್ನೆ ಹಿಡಿದುಕೊಂಡೇ ಕೂತಿದ್ದಾನೆ, ಹಿಂಡಿದ್ದು ಕಾಫಿಗೋ ಹಲ್ಲಿಗೋ ದೇವರಿಗೇ ಗೊತ್ತು — ಹನ್ನೊಂದಾಯಿತು, ಹನ್ನೆರಡರೊಳಗೆ ಹೇಳಬೇಕು, ವರ್ಷಕ್ಕೊಮ್ಮೆ ವ್ಯಾಪಾರಿ ಮೂರು ಬಗೆಯ ಪುಡಿ ಇಟ್ಟು ಹೋಗುತ್ತಾನೆ, ಕಾಫಿಯಣ್ಣ ಮೂಸಿ ಒಂದನ್ನು ಆರಿಸುತ್ತಾನೆ, ಇಡೀ ವರ್ಷ ಅಂಗಡಿಯಲ್ಲಿ ಅದೇ, ಇಪ್ಪತ್ತೆಂಟು ವರ್ಷದಿಂದ ನಡೆದುಬಂದದ್ದು ಹೀಗೇ, ದೊಡ್ಡ ಯಜಮಾನರ ಕಾಲದಿಂದ, ಈಗ ಅವರ ಮಗಳ ಕಾಲ, ಆಕೆಯೂ ಬೆಳಿಗ್ಗೆ ಬಂದವಳೇ ಅಂದಿದ್ದಾಳೆ, ಅಣ್ಣಾ, ನೀವು ಯಾವುದಂತೀರೋ ಅದೇ, ನನಗೇನು ತಿಳಿಯುತ್ತೆ. ನನಗೇನು ತಿಳಿಯುತ್ತೆ! ತಾಯೀ, ನನಗೂ ತಿಳಿಯೋದಿಲ್ಲ ಅಂದುಬಿಡಬೇಕಿತ್ತು, ಮಾತು ಗಂಟಲವರೆಗೆ ಬಂದಿತ್ತು, ಆಯ್ತಮ್ಮ ನೋಡ್ತೀನಿ ಅಂತ ಹೊರಬಿತ್ತು.

ಎರಡು ತಿಂಗಳಾಯಿತು, ಜ್ವರ ಬಂದು ಐದು ದಿನ ಮಲಗಿಸಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು, ಒಲೆಯ ಮೇಲಿನ ಹಾಲು ಸೀದು ಪಾತ್ರೆ ಕರಿ ಹಿಡಿಯುತ್ತಿದೆ, ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದಾನೆ ಇವನು, ಹೆಂಡತಿ ಹಿತ್ತಲಿನಿಂದ ಓಡಿಬಂದು ಏನ್ರೀ, ಮೂಗು ಒತ್ತೆ ಇಟ್ಟಿದ್ದೀರಾ ಎಂದು ಬೈದವಳು ಮುಖ ನೋಡಿ ಮೂಗಿನ ಮುಂದೆ ಈರುಳ್ಳಿ ಹಿಡಿದಳು, ಸೀಮೆಎಣ್ಣೆ ಹಿಡಿದಳು, ಫಿನಾಯಿಲ್ ಹಿಡಿದಳು, ಎಲ್ಲವೂ ನೀರೇ, ನಾಲಿಗೆಗೂ ಅಷ್ಟೇ, ಬಿಸಿ ಅನ್ನೋದೊಂದು ಗೊತ್ತಾಗುತ್ತೆ, ಡಾಕ್ಟರು ಬಂದರೆ ಬರಬಹುದು ಅಂದರು, ಬಂದರೆ ಬರಬಹುದು ಅಂತ ನನ್ನಜ್ಜಿಯೂ ಹೇಳುತ್ತಿದ್ದಳು. ಹೇಳ್ಬಿಡಿ ಯಜಮಾನಿಗೆ, ಆಕೆ ಒಳ್ಳೆಯವಳು, ಕತ್ತು ಹಿಡಿದು ತಳ್ಳಲ್ಲ, ಅನ್ನುತ್ತಾಳೆ ಹೆಂಡತಿ ದಿನಾ — ತಳ್ಳಲ್ಲ, ಸರಿ, ಗಲ್ಲಾದಲ್ಲಿ ಕೂರಿಸುತ್ತಾಳೆ, ಮೇಜು ಒರೆಸೋಕೆ ಹೇಳುತ್ತಾಳೆ, ಅಯ್ಯೋ ಪಾಪ ಅನ್ನುತ್ತಾಳೆ, ಆ ಅಯ್ಯೋ ಪಾಪವೇ ಇವನಿಗೆ ಬೇಡದ್ದು, ಬಾಗಿಲಲ್ಲೇ ನಿಂತು ಹಾಲು ನಿನ್ನೆಯದು ಎಂದು ಕ್ಯಾನು ವಾಪಸು ಕಳಿಸುತ್ತಿದ್ದವನು ಇವನು, ಆ ಕೆಲಸ ಬಿಟ್ಟರೆ ಇವನು ಯಾರು? ಭಯ, ಸುಮ್ಮನೆ ಭಯ, ಈ ಭಯವನ್ನು ಮಾತ್ರ ಹೆಂಡತಿಗೂ ಹೇಳಿಲ್ಲ. ಅದಕ್ಕೇ ಮುಖ ಓದಲು ಕಲಿತದ್ದು, ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ, ಗಿರಾಕಿಯ ಮೊದಲ ಗುಟುಕು ಸುಳ್ಳು ಹೇಳೋದಿಲ್ಲ, ಅದರಲ್ಲೂ ಟೀಚರಮ್ಮ, ಮೂವತ್ತು ವರ್ಷ ಮಕ್ಕಳಿಗೆ ತಪ್ಪನ್ನು ತಪ್ಪು ಅಂತಲೇ ಹೇಳಿದವರು, ಹಿಂದೊಮ್ಮೆ ಹಾಲು ಒಂದು ಕುದಿ ಹೆಚ್ಚಾಗಿದ್ದಕ್ಕೆ ಏನಪ್ಪಾ ಇದು, ಮಗುವಿಗೆ ಕುಡಿಸೋದಾ ಎಂದು ಬಟ್ಟಲು ವಾಪಸು ತಳ್ಳಿದ್ದರು, ಅಂಥವರು ಈ ಎರಡು ತಿಂಗಳಿಂದ ದಿನಾ ಕಣ್ಣು ಮುಚ್ಚುತ್ತಾರೆ, ಹಿಂದೆ ಇಷ್ಟೊಂದು ಮುಚ್ಚುತ್ತಿದ್ದರೇ? ಇಲ್ಲ, ಇವನೂ ಉಮೇದಿನಿಂದ ಡಿಕಾಕ್ಷನ್ ಒಂದು ಚಮಚ ಏರಿಸಿದ, ಇನ್ನೂ ಚೆನ್ನಾಗಿ ಮುಚ್ಚಿದರು, ಮತ್ತೊಂದು ಚಮಚ ಏರಿಸಿದ. ಈಗೀಗ ಜನ ಸಕ್ಕರೆ ಹೆಚ್ಚು ಕೇಳುತ್ತಾರೆ, ಚಹಾ ಇದೆಯಾ ಅನ್ನುತ್ತಾರೆ, ಇರಲಿ, ಕಾಲ ಬದಲಾಗಿದೆ.

ಒಂದನೇದಮ್ಮಾ ಅಂದುಬಿಟ್ಟ, ಗಲ್ಲಾದ ಹತ್ತಿರ ಹೋಗಿ, ಕಣ್ಮುಚ್ಚಿ ತರಿಸಿ, ಯಜಮಾನಿ ನಕ್ಕಳು, ಅಷ್ಟೇ ಸಾಕು ಅಣ್ಣಾ, ಅರ್ಧ ಗಂಟೇಲಿ ವ್ಯಾಪಾರಿಗೆ ಫೋನ್ ಮಾಡ್ತೀನಿ, ಎದೆ ಹಗುರಾಯಿತು, ಇನ್ನೊಂದು ವರ್ಷ ದಾಟಿತು, ಅಷ್ಟರಲ್ಲಿ ಹೊರಗೆ ಹಾಲಿನ ವ್ಯಾನಿನ ಹಾರ್ನು, ಅಂಗಡಿ ಮುಂದೆ ಲಾರಿ ನಿಂತಿದೆಯಂತೆ, ರಸ್ತೆ ಆಚೆಯಿಂದಲೇ ಕೂಗುತ್ತಾನೆ ಡ್ರೈವರು, ನೀವೇ ಬಂದು ತಗೊಳ್ಳಿ ಅಣ್ಣೋ, ದಾಟಿ ಹೋದ, ಕ್ಯಾನು ಎತ್ತಿದ, ಮೂಸುವಂತೆ ಬಗ್ಗಿ ತಲೆಯಾಡಿಸಿದ, ನಾಟಕ, ವಾಪಸು ಬರುವಾಗ ಲಾರಿಯ ಸಂದಿಯಿಂದ ನುಸುಳಿ ಗೋಡೆಗುಂಟ ಬಂದರೆ ಇದೇ ಕಿಟಕಿ, ತೆರೆದ ಕಿಟಕಿ, ಒಳಗೆ ಒಂದು ಮಾರು ದೂರದಲ್ಲಿ ಟೀಚರಮ್ಮ — ಈ ಕಡೆಯಿಂದ ಅವರನ್ನು ಎಂದೂ ನೋಡಿಯೇ ಇರಲಿಲ್ಲ. ಬಟ್ಟಲೆತ್ತಿ ಕಟ್ಟೆಯ ಕಡೆ ನೋಡಿದರು, ಅಲ್ಲಿ ಯಾರೂ ಇಲ್ಲ, ಒಂದು ಗುಟುಕು ಕುಡಿದರು, ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಯಿತು, ಕತ್ತಿನ ನರ ಎದ್ದಿತು, ಕಹಿ ಕಷಾಯ ನುಂಗುವ ಮಗುವಿನ ಹಾಗೆ ಒದ್ದಾಡಿ ನುಂಗಿದರು, ಕಣ್ಣು ಮುಚ್ಚಲಿಲ್ಲ. ಎದುರಿನ ದರ್ಜಿ ಕೇಳಿದ, ಇವತ್ತೂ ಹಂಗೇನಾ ಟೀಚರಮ್ಮ? ಇವತ್ತು ಕೇಳಲೇಬೇಡ, ಗೋಣಿಚೀಲ ನೆನೆಸಿದ ನೀರು, ಅಂದರು ಟೀಚರಮ್ಮ. ನಂದು ಚೆನ್ನಾಗೇ ಇದೆ, ಬದಲಾಯಿಸ್ಕೊಳ್ಳಿ, ಅಂದ ದರ್ಜಿ, ಪರವಾಗಿಲ್ಲ ಅನ್ನಲಿಲ್ಲ, ಚೆನ್ನಾಗಿದೆ ಅಂದ, ಜನ್ಮದಲ್ಲಿ ಮೊದಲ ಸಲ. ಬೇಡ, ಅಂದರು ಟೀಚರಮ್ಮ, ಬಟ್ಟಲು ಅದಲು ಬದಲಾದರೆ ಅವನಿಗೆ ಗೊತ್ತಾಗುತ್ತೆ, ನಮ್ಮ ಮುಖ ನೋಡ್ಕೊಂಡೇ ಕಾಫಿ ಮಾಡ್ತಿದ್ದಾನೆ ಪಾಪ, ಮೂಗು ಹೋಗಿದೆ ಅಂತ ಹೇಳ್ಕೊಳ್ಳೋಕೆ ಅವನಿಗೆ ಸಂಕಟ, ನಾನೂ ಎರಡು ತಿಂಗಳಿಂದ ಹೇಳೋಣ ಹೇಳೋಣ ಅಂತ, ಆ ಮುಖ ನೋಡಿದರೆ ಬಾಯೇ ಬರಲ್ಲ.

ಕ್ಯಾನು ಕೈಲಿದೆ, ಹಿಡಿ ಬೆರಳು ಕೊಯ್ಯುತ್ತಿದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣೋದಿಲ್ಲವೇ, ಬೆಕ್ಕು ಇವನೇ, ಎಲ್ಲರಿಗೂ ಗೊತ್ತು, ಪಾಪ ಅಂದರು, ಅಂದೇಬಿಟ್ಟರು, ಕೋಪ ಬರುತ್ತದೆ, ಯಾರ ಮೇಲೆ, ಎರಡು ತಿಂಗಳು ವಿಷ ಕುಡಿದವರ ಮೇಲೆ ಕೋಪವೇ, ನಾಚಿಕೆಯಾಗುತ್ತದೆ, ಅಳು ಬಂದ ಹಾಗೂ ಆಗುತ್ತದೆ, ಒಳಗೆ ಗಲ್ಲಾದಲ್ಲಿ ಯಜಮಾನಿ ಫೋನು ಕೈಗೆತ್ತಿಕೊಂಡಳು, ಒಂದನೇದು, ವರ್ಷವಿಡೀ ಗೋಣಿಚೀಲದ ನೀರು, ಈಗ ಕೂಗಿದರೆ ನಿಲ್ಲುತ್ತದೆ, ಅಮ್ಮಾ, ಎರಡನೇದು, ಅಷ್ಟೇ ಸಾಕೇ, ಯಾಕೆ ಅಂತ ಕೇಳುತ್ತಾಳೆ, ಯಾಕೆ ಅಂದರೆ ಎಲ್ಲಾ ಹೇಳಬೇಕು, ಹೇಳದಿದ್ದರೆ ಟೀಚರಮ್ಮ ನಾಳೆಯೂ ಬಂದು ಇದೇ ಕಿಟಕಿಯ ಪಕ್ಕ ಕೂರುತ್ತಾರೆ, ಕೂಗು, ಕೂಗೋ ಮಾರಾಯಾ, ಬಾಯಿ ತೆರೆದ — ಟೀಚರಮ್ಮ ತಿರುಗಿದರು. ಕಿಟಕಿಯಲ್ಲಿ ನಿಂತವನನ್ನು ನೋಡಿದರು. ಬಟ್ಟಲು ತಾನೇ ತಾನಾಗಿ ತುಟಿಗೆ ಹೋಯಿತು, ಒಂದು ಗುಟುಕು, ದೊಡ್ಡ ಗುಟುಕು, ಹುಬ್ಬು ಒಂದಿಷ್ಟು ಏರಿತು, ಎರಡೂ ಕಣ್ಣು ಮೆಲ್ಲಗೆ, ಬಹಳ ಮೆಲ್ಲಗೆ ಮುಚ್ಚಿಕೊಂಡವು.